ಬಯೋಮೆಡಿಕಲ್ ಸೈನ್ಸ್ ಓದುತ್ತಿದ್ದೇನೆ. ಕೆಲಸದ ಅನುಭವಕ್ಕೆ ಬೆಂಗಳೂರಿಗೇ ಹೋಗಬೇಕಾ, ಕೋಲಾರದಲ್ಲಿ ಸಿಗಲ್ವಾ?

"ಎರಡನೇ ವರ್ಷ ಮುಗೀತಾ ಬಂತು, ಇನ್ನೂ ಒಂದು ನಿಜವಾದ ಸ್ಯಾಂಪಲ್ ಮುಟ್ಟಿಲ್ಲ, ಬೆಂಗಳೂರಿಗೆ ಹೋಗಿ ದುಡ್ಡು ಕಟ್ಟಿ ಪಿಸಿಆರ್ (ಡಿಎನ್‌ಎ ನಕಲು ಮಾಡಿ ನೋಡುವ ಪರೀಕ್ಷೆ) ಕಲಿಯಲಾ" ಅಂತ ಕೇಳಿದ್ದೀರಿ. ನಾನೂ ಇದೇ ಡಿಗ್ರಿ ಓದಿದವಳು, ಶ್ರೀನಿವಾಸಪುರದ ಕಡೆಯವಳು. ಎರಡನೇ ವರ್ಷದಲ್ಲಿ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು: ದೊಡ್ಡ ಮಷೀನು ಇರುವ ಕಡೆ ಹೋದರೆ ಮಾತ್ರ ಅನುಭವ, ಇಲ್ಲಿರೋದೆಲ್ಲ ಬರೀ ರಕ್ತ, ಮೂತ್ರ. ಅದು ತಪ್ಪು ಅಂತ ತಿಳಿಯೋಕೆ ನನಗೆ ಒಂದು ಕೆಲಸವೇ ಕೈತಪ್ಪಬೇಕಾಯ್ತು.

ಕೊನೆಯ ವರ್ಷದಲ್ಲಿ ಕೋಲಾರದ ಒಂದು ಆಸ್ಪತ್ರೆ ಲ್ಯಾಬಿನಲ್ಲಿ ಆರು ತಿಂಗಳಿಗೆ ಸೇರಿಸಿಕೊಂಡರು. ಮೊದಲ ಬಸ್ಸು ಹಿಡಿದು ಏಳು ಗಂಟೆಗೆ ಹೋಗಿ ನಿಂತರೆ, ಅಷ್ಟು ಹೊತ್ತಿಗಾಗಲೇ ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಬಾಗಿಲು ದಾಟಿರುತ್ತಿತ್ತು. ಲ್ಯಾಬಿನ ಹಿರಿಯ ಟೆಕ್ನಿಶಿಯನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಮೊದಲ ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು, ಎರಡನೇ ತಿಂಗಳು ಕೈಗೆ ಸಿರಿಂಜು ಕೊಟ್ಟರು.

ಆ ದಿನ ಬಂದವರು ಮುಳಬಾಗಿಲು ಕಡೆಯ ಒಬ್ಬ ಅಜ್ಜ. ಮೈಕೈ ಮೂಳೆಯೆಲ್ಲ ನೋವು, ಬೆನ್ನು ಬಗ್ಗಿಸೋಕಾಗಲ್ಲ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರೋದು ನಿಮಗೆ ಗೊತ್ತೇ ಇದೆ. ಅದನ್ನೇ ಮನಸ್ಸಿನಲ್ಲಿಟ್ಟು ಡಾಕ್ಟರು ಕ್ಯಾಲ್ಸಿಯಂ, ಎಎಲ್‌ಪಿ (ಮೂಳೆ, ಲಿವರಿನಿಂದ ರಕ್ತಕ್ಕೆ ಬರುವ ಕಿಣ್ವ), ಕಿಡ್ನಿ ಪರೀಕ್ಷೆ, ಎಲೆಕ್ಟ್ರೋಲೈಟು (ಪೊಟ್ಯಾಷಿಯಂನಂಥ ಲವಣಗಳು), ಜೊತೆಗೆ ರಕ್ತಕಣದ ಎಣಿಕೆ ಬರೆದಿದ್ದರು. ಅಜ್ಜನ ನರ ಸಣ್ಣದು. ಹೇಗೋ ಐದು ಎಂಎಲ್ ಬಂತು. ನಾನು ಮೊದಲು ಕಣ ಎಣಿಸುವ ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆವರೆಗೆ ಮೂರು ಎಂಎಲ್ ಹಾಕಿದೆ. ಬೇರೆ ಪರೀಕ್ಷೆಗಳಿಗೆಲ್ಲ ಬೇಕಾದ ಕೆಂಪು ಮುಚ್ಚಳದ್ದಕ್ಕೆ ಉಳಿದದ್ದು ಎರಡೇ. ಎರಡೂವರೆ ಆದರೂ ಬೇಕು ಅಂತ ಅಕ್ಕ ಹೇಳಿಕೊಟ್ಟಿದ್ದರು. ಇನ್ನೊಂದು ಸಲ ಚುಚ್ಚಿದರೆ ಅಜ್ಜನಿಗೆ ನೋವು, ನನಗೆ ಅವಮಾನ. ನೇರಳೆಯಿಂದ ಅರ್ಧ ಎಂಎಲ್ ಕೆಂಪಿಗೆ ಸುರಿದೆ. ಒಬ್ಬರದೇ ರಕ್ತ ತಾನೇ ಅಂದುಕೊಂಡೆ.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಿದ್ದವಳು ನಾನು. ನೇರಳೆ ಟ್ಯೂಬಿನ ಒಳಗೋಡೆಗೆ ಇಡಿಟಿಎ ಅನ್ನುವ ರಾಸಾಯನಿಕದ ಲೇಪನ ಇರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ರಕ್ತ ಹೆಪ್ಪುಗಟ್ಟಲ್ಲ, ಆದ್ದರಿಂದಲೇ ಕಣ ಎಣಿಸೋಕೆ ಆ ಟ್ಯೂಬು. ಆದರೆ ಅಲ್ಲಿರುವ ಇಡಿಟಿಎ ಪೊಟ್ಯಾಷಿಯಂನ ಲವಣ. ಅದರ ಒಂದಿಷ್ಟು ರಕ್ತ ಕೆಂಪು ಟ್ಯೂಬಿಗೆ ಸೇರಿದರೆ ಪೊಟ್ಯಾಷಿಯಂ ಸುಳ್ಳಾಗಿ ಮೇಲೇರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಕೆಳಗಿಳಿಯುತ್ತದೆ. ಎಎಲ್‌ಪಿ ಕೆಲಸ ಮಾಡೋಕೆ ಸತು, ಮೆಗ್ನೀಸಿಯಂ ಬೇಕು. ಇಡಿಟಿಎ ಅವನ್ನೂ ಕಟ್ಟಿಹಾಕುವುದರಿಂದ ಎಎಲ್‌ಪಿಯೂ ಬೀಳುತ್ತದೆ. ಅಂದರೆ ಡಾಕ್ಟರು ಯಾವುದನ್ನು ಹುಡುಕುತ್ತಿದ್ದರೋ ಅದನ್ನೇ ನಾನು ಆ ಅರ್ಧ ಎಂಎಲ್‌ನಲ್ಲಿ ಅಳಿಸಿಹಾಕಿದ್ದೆ. ಸಿರಿಂಜಿನಿಂದ ತುಂಬಿಸುವಾಗ ಕೆಂಪು ಮೊದಲು, ನೇರಳೆ ಆಮೇಲೆ ಎನ್ನುವ ಕ್ರಮ ಇರುವುದೂ ಇದಕ್ಕೇ. ನಾನು ಅದನ್ನೂ ತಪ್ಪಿಸಿದ್ದೆ.

ಪೊಟ್ಯಾಷಿಯಂ 7.2 ಬಂತು. ಇರಬೇಕಾದ್ದು ಸುಮಾರು 3.5ರಿಂದ 5.1. ಏಳು ದಾಟಿದರೆ ಹೃದಯದ ಬಡಿತವೇ ಹದಗೆಡಬಹುದು, ರೋಗಿಯನ್ನು ಕೂಡಲೇ ಕರೆಸಬೇಕು. ಅಜ್ಜ ಆಗಲೇ ಊರಿನ ಬಸ್ಸು ಹತ್ತಿದ್ದರು. ಕ್ಯಾಲ್ಸಿಯಂ 4.6, ಎಎಲ್‌ಪಿ 20 ಕೂಡ ದಾಟಿರಲಿಲ್ಲ, ಎರಡೂ ತೀರಾ ಕಮ್ಮಿ. ಮೂರೂ ಒಟ್ಟಿಗೆ ನೋಡಿದ ತಕ್ಷಣ ಅಕ್ಕ ನನ್ನ ಕಡೆ ತಿರುಗಿದರು.

"ಏನಮ್ಮಾ, ನೇರಳೆಯಿಂದ ಏನಾದ್ರೂ ಸುರಿದ್ಯಾ?"

"ಇಲ್ಲಕ್ಕ."

ನನ್ನ ತಪ್ಪು ಇದು. ಸುರಿದದ್ದು ಅಲ್ಲ. ಸುರಿದದ್ದಕ್ಕೆ ಮದ್ದಿತ್ತು, ಅಜ್ಜನ ಕ್ಷಮೆ ಕೇಳಿ ಇನ್ನೊಂದು ಸಲ ರಕ್ತ ತೆಗೆದರೆ ಮುಗಿಯುತ್ತಿತ್ತು. ನಾನು ಇಲ್ಲ ಅಂದದ್ದರಿಂದ ಅಕ್ಕ ಮಷೀನನ್ನು ಅನುಮಾನಿಸಬೇಕಾಯ್ತು. ಕಂಟ್ರೋಲ್ (ಬೆಲೆ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿದರು, ಎರಡು ಲೆವೆಲ್ಲೂ ಸರಿ ಬಂತು. ಎಲೆಕ್ಟ್ರೋಡ್ ತೊಳೆದು ಮತ್ತೆ ಕ್ಯಾಲಿಬ್ರೇಟ್ ಮಾಡಿದರು. ಅದೇ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮತ್ತೆ ಓಡಿಸಿದರು, ಅದೇ 7.2. ಬೆಳಗಿನ ಉಳಿದ ರಿಪೋರ್ಟುಗಳೆಲ್ಲ ಮೂರು ಗಂಟೆ ನಿಂತವು. ವಾರ್ಡಿನಿಂದ ಫೋನಿನ ಮೇಲೆ ಫೋನು. ಅಕ್ಕ ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಇಲ್ಲ ಅಂದೆ. ಒಂದು ಸಲ ಸುಳ್ಳು ಹೇಳಿದ ಮೇಲೆ ಎರಡನೆಯದು ತಾನಾಗೇ ಬಾಯಿಗೆ ಬಂತು.

ಅಜ್ಜನನ್ನು ಫೋನು ಮಾಡಿ ವಾಪಸ್ ಕರೆಸಿದರು. ಮಗನ ಬೈಕಿನಲ್ಲಿ, ಬೆನ್ನು ನೋವಿನಲ್ಲೇ, ಮಧ್ಯಾಹ್ನದ ಬಿಸಿಲಲ್ಲಿ ಬಂದರು. ಇಸಿಜಿ ಸರಿಯಾಗಿತ್ತು. ಅಕ್ಕ ತಾವೇ ರಕ್ತ ತೆಗೆದರು: ಪೊಟ್ಯಾಷಿಯಂ 4.2, ಕ್ಯಾಲ್ಸಿಯಂ 9.1, ಎಎಲ್‌ಪಿ ಮಾತ್ರ ಜಾಸ್ತಿ. ಡಾಕ್ಟರಿಗೆ ಬೇಕಿದ್ದ ಸುಳಿವು ಅದೇ. ಅಕ್ಕ ಬೈಯಲಿಲ್ಲ. "ನಾಳೆಯಿಂದ ಕೌಂಟರಲ್ಲಿ ಕೂತ್ಕೋ" ಅಂದರು, ಅಷ್ಟೇ. ಉಳಿದ ತಿಂಗಳುಗಳಲ್ಲಿ ನನ್ನ ಕೈಗೆ ಸಿರಿಂಜು ಬರಲಿಲ್ಲ. ಸರ್ಟಿಫಿಕೇಟಿನಲ್ಲಿ ಬಂದದ್ದು ಸ್ಯಾಂಪಲ್ ಸ್ವೀಕಾರ, ದಾಖಲಾತಿ. ಅಲ್ಲೇ ಒಂದು ಜಾಗ ಖಾಲಿಯಾದಾಗ ನನ್ನ ಜೊತೆ ಸೇರಿದ್ದ ಹುಡುಗಿಗೆ ಸಿಕ್ಕಿತು. ಅದು ನ್ಯಾಯವೇ.

ಆದರೆ ಆ ಕೌಂಟರು ನನಗೆ ಕಲಿಸಿದ್ದನ್ನು ಯಾವ ಮಷೀನೂ ಕಲಿಸಿಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಬರುತ್ತಾರೆ, ವಯಸ್ಸು ಮತ್ತು ನೋಂದಣಿ ಸಂಖ್ಯೆ ಕೇಳದಿದ್ದರೆ ರಿಪೋರ್ಟು ಅದಲುಬದಲಾಗುತ್ತದೆ. ಸಕ್ಕರೆ ಪರೀಕ್ಷೆಯ ರಕ್ತ ಬೂದು ಮುಚ್ಚಳದ ಟ್ಯೂಬಿಗೆ ಹಾಕದೆ ಹಾಗೇ ಬಿಟ್ಟರೆ, ಕಣಗಳು ಗಂಟೆಗೆ ನೂರಕ್ಕೆ ಐದಾರು ಪಾಲು ಗ್ಲೂಕೋಸ್ ತಿಂದುಹಾಕುತ್ತವೆ. ತಿಳಿನೀಲಿ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ (ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ಇಲ್ಲದಿದ್ದರೆ ಹೆಪ್ಪುಗಟ್ಟುವ ಸಮಯದ ಲೆಕ್ಕವೇ ತಪ್ಪು. ತಿರಸ್ಕರಿಸಿದ ಸ್ಯಾಂಪಲ್‌ಗಳ ರಿಜಿಸ್ಟರ್ ಇರುತ್ತದಲ್ಲ, ನಾನು ಅದನ್ನು ಪಠ್ಯಪುಸ್ತಕದ ಹಾಗೆ ಓದಿದೆ.

ಆದ್ದರಿಂದ ಪಿಸಿಆರ್‌ಗೆ ದುಡ್ಡು ಕಟ್ಟಬೇಡಿ. ಅಂಥ ಕೋರ್ಸಿನಲ್ಲಿ ಎರಡು ವಾರಕ್ಕೆ ಪಿಪೆಟ್ (ಹನಿ ಅಳೆದು ಹಾಕುವ ಸಾಧನ) ಹಿಡಿಯೋದು ಬರಬಹುದು, ಸ್ಯಾಂಪಲ್ ನಂಬಬಹುದೋ ಇಲ್ಲವೋ ಅಂತ ನೋಡುವ ಕಣ್ಣು ಬರಲ್ಲ. ಕೋಲಾರದಲ್ಲೇ, ದಿನಕ್ಕೆ ನೂರಾರು ಸ್ಯಾಂಪಲ್ ಬರುವ ಯಾವುದಾದರೂ ಲ್ಯಾಬಿಗೆ ಕಾಲೇಜಿನ ಪತ್ರ ಹಿಡಿದು ಹೋಗಿ. ಮಧ್ಯಾಹ್ನ ಎರಡರ ಮೇಲೆ ಹೋಗಿ, ಬೆಳಿಗ್ಗೆ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ. ಕೌಂಟರಿನಿಂದಲೇ ಶುರು ಮಾಡುತ್ತೇನೆ ಅಂತ ನೀವೇ ಕೇಳಿ.

ಇನ್ನೊಂದು ಮಾತನ್ನು ಕಾಲೇಜಿನವರು ಹೇಳಲ್ಲ. ಇಲ್ಲಿ ಟೆಕ್ನಿಶಿಯನ್ ಹುದ್ದೆಯ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಡಿಎಂಎಲ್‌ಟಿ, ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ, ಡಿಗ್ರಿ) ಅಂತಲೇ ಕೇಳುತ್ತಾರೆ. ನಾನು ಡಿಗ್ರಿ ಆದಮೇಲೆ ಡಿಎಂಎಲ್‌ಟಿ ಮಾಡಿಕೊಂಡೆ, ಈಗ ಲ್ಯಾಬಿನಲ್ಲೇ ಇದ್ದೇನೆ. ನಿಮಗೆ ಇಂಗ್ಲೆಂಡಿನ ಆಸೆಯೂ ಇದೆ ಅಂದಿದ್ದೀರಿ. ಅಲ್ಲಿ ಆರೋಗ್ಯ ವೃತ್ತಿಯವರನ್ನು ನೋಂದಾಯಿಸುವ ಎಚ್‌ಸಿಪಿಸಿಯಲ್ಲಿ ನೋಂದಣಿ ಆಗದವರು ತಮ್ಮನ್ನು ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ತರಬೇತಿ ಪಡೆಯುತ್ತಾ ಐಬಿಎಂಎಸ್ ಅನ್ನುವ ವೃತ್ತಿ ಸಂಸ್ಥೆಯ ಪೋರ್ಟ್‌ಫೋಲಿಯೋ ತುಂಬಿಸುತ್ತಾರೆ, ಕಲಿತದ್ದಕ್ಕೆಲ್ಲ ಪುರಾವೆ ಇಡುತ್ತಾರೆ. ನೀವೂ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ರೋಗಿಯ ಹೆಸರು ಬೇಡ. ಏನು ಮಾಡಿದಿರಿ, ಏನು ತಪ್ಪಾಯಿತು, ಯಾರಿಗೆ ಹೇಳಿದಿರಿ, ಎಷ್ಟು ಹೊತ್ತಿಗೆ ಹೇಳಿದಿರಿ, ಇವನ್ನು ಬರೆಯಿರಿ.

ಲ್ಯಾಬಿಗೆ ಕಾಲಿಡುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳೋಕೆ ಶುರು ಮಾಡಿ. ಮೂರು ಡೋಸು: ಇವತ್ತೊಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಮಗುವಿದ್ದಾಗ ಹಾಕಿಸಿದ್ದರೆ ಕಾರ್ಡು ಹುಡುಕಿ ಡಾಕ್ಟರಿಗೆ ತೋರಿಸಿ. ಈ ತಿಂಗಳೇ ಶುರು ಮಾಡಿದರೆ ಮೂರನೇ ವರ್ಷದ ನಡುವೆ ಸಿರಿಂಜು ಕೈಗೆ ಬರುವ ಹೊತ್ತಿಗೆ ಮುಗಿದಿರುತ್ತದೆ.