ಗಣಿತದಲ್ಲಿ ಪಿಎಚ್‌.ಡಿ. ಆಗಿದೆ, ಫ್ರೀಲಾನ್ಸ್‌ಗೆ ಇಳಿಯಲೇ?

ಪ್ರಶ್ನೆ: ಬೀಜಗಣಿತದಲ್ಲಿ ಪಿಎಚ್‌.ಡಿ. ಮುಗಿಸಿ ನಾಲ್ಕು ವರ್ಷದಿಂದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಸುಮಾರಾಗಿ ಬರುತ್ತದೆ. ಕಂಪನಿ ಸೇರಲು ಮನಸ್ಸಿಲ್ಲ. ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆದುಕೊಟ್ಟು ಬದುಕಬಹುದೇ? ವೆಬ್‌ಸೈಟ್ ಮಾಡುವುದನ್ನು ಕಲಿಯಲೇ?
– ಓದುಗ, ವಿಜಯನಗರ, ಬೆಂಗಳೂರು

ಉತ್ತರ: ಬದುಕಬಹುದು. ಆದರೆ ವೆಬ್‌ಸೈಟ್ ಸಹವಾಸ ಬೇಡ. ಅದನ್ನು ನಿಮಗಿಂತ ಬೇಗ, ನಿಮಗಿಂತ ಅಗ್ಗಕ್ಕೆ ಮಾಡಿಕೊಡುವವರು ಈ ಊರಲ್ಲಿ ಬೀದಿಗೊಬ್ಬರಿದ್ದಾರೆ. ಲೆಕ್ಕವೇ ಕಗ್ಗಂಟಾಗಿರುವ ಕಡೆ ಹೋಗಿ.

ನಾನೂ ಗಣಿತದಿಂದ ಬಂದವನೇ. ಮೊದಲು ಸಿಕ್ಕಿದ್ದು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನ ಕೆಲಸ. ಆರು ಮೀಟರ್ ಪೈಪುಗಳನ್ನು ಬೇಕಾದ ಅಳತೆಗೆ ಕತ್ತರಿಸುವಾಗ ವೇಸ್ಟ್ ಕಡಿಮೆಯಾಗಬೇಕು, ಅಷ್ಟೆ. ಗಿಲ್ಮೋರ್ ಮತ್ತು ಗೊಮೊರಿ ಎಂಬ ಗಣಿತಜ್ಞರು 1961ರಲ್ಲೇ ದಾರಿ ತೋರಿಸಿದ ಲೆಕ್ಕ. 2300, 2300, 1400: ಕೂಡಿದರೆ ಸರಿಯಾಗಿ 6000 ಮಿಲಿಮೀಟರ್. ಚೂರೂ ಉಳಿಯುವುದಿಲ್ಲ ಎಂದು ಬೀಗಿದೆ. ಕಟಿಂಗ್ ಮಷೀನಿನ ಹತ್ತಿರ ಇದ್ದವರು ಹಾಳೆ ನೋಡಿ, "ಸಾರ್, ಬ್ಲೇಡ್ ತಿನ್ನೋದು ಯಾರ ಲೆಕ್ಕಕ್ಕೆ?" ಅಂದರು. ಅಲ್ಲಿ ಒಂದೊಂದು ಸಲ ಕಟ್ ಮಾಡಿದಾಗಲೂ ಮೂರು ಮಿಲಿಮೀಟರ್ ಪುಡಿಯಾಗಿ ಉದುರುತ್ತಿತ್ತು. ಎರಡು ಕಟ್ ಆದ ಮೇಲೆ ಕೊನೆಯ ತುಂಡು 1394, ಸೀದಾ ಗುಜರಿಗೆ. ಪರಿಹಾರವೇನೋ ಚಿಟಿಕೆ ಹೊಡೆದಷ್ಟು ಸುಲಭ: ಪ್ರತಿ ತುಂಡಿಗೂ ಮೂರು ಸೇರಿಸಿ, ಪೈಪನ್ನು 6003 ಎಂದುಕೊಂಡರೆ ಹಳೆಯ ಲೆಕ್ಕವೇ ಸಾಕು. ಆದರೆ ಶೆಡ್ಡಿಗೆ ಹೋಗಿ ನಿಲ್ಲದಿದ್ದರೆ ನನಗದು ಹೊಳೆಯುತ್ತಲೇ ಇರಲಿಲ್ಲ. (ಅಂದಹಾಗೆ, ಅಳತೆಗಳನ್ನು ಪೂರ್ಣಾಂಕದಲ್ಲೇ ಇಡಿ. ಪೈಥಾನ್‌ಗೆ 0.1 + 0.2 ಕೊಟ್ಟರೆ 0.30000000000000004 ಅನ್ನುತ್ತದೆ.)

ಮನಸ್ಸಿಲ್ಲದಿದ್ದರೂ ಒಂದು ವರ್ಷ ಸಣ್ಣ ಕಂಪನಿಯೊಂದರಲ್ಲಿ ದುಡಿಯಿರಿ. ಅದು ಸಿಗುವವರೆಗೆ ಪಾಠ ಬಿಡಬೇಡಿ. ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಳಸುವುದು, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಬರೆಯುವುದು, ಬೇರೆಯವರ ಕೋಡ್ ಓದುವುದು ಒಬ್ಬರೇ ಕೂತರೆ ಮೈಗೆ ಹತ್ತುವುದಿಲ್ಲ. ನಮ್ಮ ಗಣಿತದವರಿಗೆ ಎಲ್ಲದಕ್ಕೂ ಎಕ್ಸ್, ವೈ ಎಂದೇ ಹೆಸರಿಡುವ ಚಟ ಬೇರೆ. ಆರು ತಿಂಗಳಾದ ಮೇಲೆ ಬರೆದವರಿಗೇ ಅರ್ಥವಾಗುವುದಿಲ್ಲ.

ದುಡ್ಡಿನ ವಿಷಯ: ಮುಂಗಡ ಕೈಗೆ ಬರದೆ ಕೀಬೋರ್ಡ್ ಮುಟ್ಟಬೇಡಿ. ದುಡ್ಡು ಕೊಡುವವರು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದುಕೊಂಡರೆ ಗಾಬರಿ ಬೇಡ, ರಿಟರ್ನ್ಸ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಪೀಣ್ಯ. ಪಾಠವಿಲ್ಲದ ದಿನ ಒಂದು ಸುತ್ತು ಹಾಕಿ, ಶೆಡ್ಡಿನವರು ಗುಜರಿಗೆ ಏನು ಹಾಕುತ್ತಿದ್ದಾರೆ ಎಂದು ನೋಡಿಕೊಂಡು ಬನ್ನಿ.