ಒಂದೇ ದಿನ ಕರೆಂಟಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಮಡಚಿದ ಬೈರಾಸನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದರು. ಮಾತೆಲ್ಲ ಮಗನದೇ, ಅದೂ ರೇಡಿಯೇಶನ್ (ವಿಕಿರಣ) ಚಿಕಿತ್ಸೆಯ ಬಗ್ಗೆ. ಜನ ಅದಕ್ಕೆ 'ಕರೆಂಟ್' ಅಂತಾರೆ.

"ಮೇಡಂ, ಮಂಗಳೂರಲ್ಲಿ ಒಂದೇ ದಿನ ಕರೆಂಟ್ ಕೊಟ್ರೆ ಸಾಕು ಅಂತಾರೆ. ಪಕ್ಕದ ಮನೆಯವರಿಗೆ ಹತ್ತು ದಿನ ಕೊಟ್ಟಿದ್ರು. ಅಪ್ಪನನ್ನು ಕೈಬಿಟ್ರು ಅಂತಲೇ ಅಲ್ವಾ?"

ಅಲ್ಲ ಅಂದೆ. ಇಲ್ಲಿ ಕೆಲಸ ನೋವು ಇಳಿಸುವುದು, ಕಾಯಿಲೆ ವಾಸಿ ಮಾಡುವುದಲ್ಲ. ನೋವಿನ ಮಟ್ಟಿಗೆ 8 ಗ್ರೇ (ಗ್ರೇ ಅಂದರೆ ಕಿರಣದ ಪ್ರಮಾಣದ ಅಳತೆ) ಒಂದೇ ಸಲ ಕೊಟ್ಟರೂ, 30 ಗ್ರೇಯನ್ನು ಹತ್ತು ಸಲ ಹಂಚಿ ಕೊಟ್ಟರೂ ಫಲ ಹೆಚ್ಚುಕಮ್ಮಿ ಒಂದೇ. ಒಂದೇ ಸಲ ತಗೊಂಡವರಿಗೆ ಮುಂದೆ ಇನ್ನೊಮ್ಮೆ ಬೇಕಾಗುವುದು ಜಾಸ್ತಿ. ಪಕ್ಕದ ಮನೆಯವರ ಕಾಯಿಲೆ ಏನಿತ್ತೋ, ಅದರ ಲೆಕ್ಕ ಬೇರೆ. ಈ ಬೆನ್ನು ಹೊತ್ತು ಹತ್ತು ದಿನ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವುದು ಸುಮ್ನೆ ಮಾತಾ?

ಆಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. "ಶಾಕ್ ಹೊಡೀತದಾ?"

ಎರಡು ವಾರದಿಂದ ಅವರ ತಲೆಯಲ್ಲಿ ಇದ್ದದ್ದು ಅದೊಂದೇ. 'ಕರೆಂಟ್' ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ! ಎಕ್ಸ್‌ರೇ ತೆಗೆದ ಹಾಗೆ, ಏನೂ ಗೊತ್ತಾಗುವುದಿಲ್ಲ ಅಂದೆ. ಕಷ್ಟ ಇರುವುದು ಗಟ್ಟಿ ಮೇಜಿನ ಮೇಲೆ ಅಂಗಾತ ಮಲಗುವುದರಲ್ಲಿ. ಅದಕ್ಕೆ ಮೊದಲೇ ನೋವಿನ ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

"ಪುಳ್ಳಿಯನ್ನು ಹತ್ತಿರ ಸೇರಿಸಬಹುದಾ?"

ಮೊಮ್ಮಗುವನ್ನಾ? ಧಾರಾಳವಾಗಿ. ಯಂತ್ರ ನಿಂತರೆ ಕಿರಣವೂ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ.

ಮಗನಿಗೆ ಬೇರೆ ಮಾತು ಹೇಳಬೇಕಿತ್ತು. ಮೊದಲ ಕೆಲವು ದಿನ ನೋವು ಏರಬಹುದು, ಹಾಗಾದರೆ ಡಾಕ್ಟರಿಗೆ ತಿಳಿಸಿ, ಅದಕ್ಕೂ ಮದ್ದು ಉಂಟು. ನೋವು ಇಳಿಯಲು ಎರಡು ಮೂರು ವಾರ ಬೇಕಾಗಬಹುದು. ಎಲ್ಲರಿಗೂ ಇಳಿಯುವುದಿಲ್ಲ, ಹತ್ತರಲ್ಲಿ ಆರು ಜನಕ್ಕೆ ಇಳಿಯುತ್ತದೆ. ನೋವಿಗೆ ತಗೊಳ್ಳುವ ಮಾರ್ಫಿನ್ ಜೊತೆ ಮಲಬದ್ಧತೆಯ ಮದ್ದೂ ಇರಲಿ.

ಒಂದನ್ನು ಮಾತ್ರ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ನಡುರಾತ್ರಿಯಾದರೂ ಹೊರಡಿ. ಬೆನ್ನುಮೂಳೆಯೊಳಗಿನ ನರಹುರಿಯನ್ನು ಗಡ್ಡೆ ಒತ್ತಿದ ಮೇಲೆ ತಡವಾದರೆ ಕಾಲಿನ ಹೋದ ಬಲ ಮತ್ತೆ ಬರುವುದು ಕಷ್ಟ.

ಪಂಚಾಯತಿನ ಪಾಲಿಯೇಟಿವ್ (ನೋವು, ಬಾಧೆ ಇಳಿಸುವ ಆರೈಕೆಯ) ನರ್ಸ್ ಮನೆಗೇ ಬರುತ್ತಾರೆ, ಆದರೆ ಅವರು ಬರೆಯುವುದು ಮಲಯಾಳದಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಮಾತ್ರೆಯ ಹೊತ್ತುಗಳನ್ನು ಕನ್ನಡದಲ್ಲಿ ಬರೆದು ಕೊಟ್ಟೆ.

ನಾಲ್ಕನೇ ದಿನ ಮಗನ ಫೋನ್. ಸಿಟ್ಟಿನಲ್ಲಿದ್ದರು, ನೋವು ಏರಿತ್ತು. ಮೂರನೇ ವಾರ ಅಮ್ಮನೇ ಮಾಡಿದರು. ಮಗ್ಗುಲು ಬದಲಿಸುವಾಗ ಈಗ ಕೂಗುವುದಿಲ್ಲವಂತೆ, ನಡೆದರೆ ಮಾತ್ರ ನೋವು. ಮಾರ್ಫಿನ್ ನಿಲ್ಲಿಸಬಹುದಾ ಅಂತ ಕೇಳಿದರು. ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ನಿಧಾನಕ್ಕೆ ಇಳಿಸುತ್ತಾರೆ ಅಂದೆ.