ಪನೋಫ್ಸ್ಕಿ ಹ್ಯಾಂಬರ್ಗ್ ಬಿಟ್ಟಿದ್ದು ಯಾಕೆ?
ಜರ್ಮನಿಯ ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ ಹೆಚ್ಚಿನ ಸಂಬಳಕ್ಕಾಗಿ ಹ್ಯಾಂಬರ್ಗ್ ವಿಶ್ವವಿದ್ಯಾಲಯ ಬಿಟ್ಟು ಅಮೆರಿಕಕ್ಕೆ ಹೋದರಾ ಅಂತ ಕೇಳಿದ್ದೀರಿ. ಇಲ್ಲ, ಅವರನ್ನು ಕೆಲಸದಿಂದ ಕಿತ್ತುಹಾಕಿದ್ದು. 1931ರಿಂದಲೇ ನ್ಯೂಯಾರ್ಕ್‌ಗೆ ಪಾಠ ಮಾಡಲು ಹೋಗಿಬರುತ್ತಿದ್ದರು ಅನ್ನೋದು ನಿಜ. ಬಹುಶಃ ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು. 1933ರಲ್ಲಿ ಅಲ್ಲಿದ್ದಾಗಲೇ, ನಾಜಿ ಆಡಳಿತ ಯಹೂದಿ ಎಂಬ ಕಾರಣಕ್ಕೆ ತಮ್ಮನ್ನು ವಜಾ ಮಾಡಿದ ಸುದ್ದಿ ತಂತಿಯಲ್ಲಿ ಬಂತು. ಆ ತಂತಿಗೆ ಅಂಟಿಸಿದ್ದ ಹಸಿರು ಕಾಗದದ ಪಟ್ಟಿಯಲ್ಲಿ ಈಸ್ಟರ್ ಹಬ್ಬದ ಶುಭಾಶಯ! ಇದನ್ನು ಅವರೇ ಬರೆದುಕೊಂಡಿದ್ದಾರೆ. 1935ರಲ್ಲಿ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆ ಸೇರಿದರು.

ಇನ್ನೊಂದು ಮಾತು. ಹ್ಯಾಂಬರ್ಗ್‌ನಲ್ಲಿ ಪಾಠ ಹೇಳುವ ಅರ್ಹತೆಗಾಗಿ 1920ರಲ್ಲಿ ಮೈಕೆಲೇಂಜಲೋ ಬಗ್ಗೆ ಅವರು ಸಲ್ಲಿಸಿದ್ದ ಪ್ರಬಂಧ ಕಳೆದೇಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಅದರ ಹಸ್ತಪ್ರತಿ 2012ರಲ್ಲಿ ಸಿಕ್ಕಿತು. ಎಲ್ಲಿ ಗೊತ್ತಾ? ಮ್ಯೂನಿಕ್‌ನಲ್ಲಿ, ಹಿಂದೆ ನಾಜಿ ಪಕ್ಷದ ಕಚೇರಿಯಾಗಿದ್ದ ಕಟ್ಟಡದ ತಿಜೋರಿಯಲ್ಲಿ.